ಬಿಲದ ಬಾಯಲ್ಲಿ ನಿಂತ ಇಲಿ

ನಿರ್ಧಾರಕ್ಕೆ ಬಾರದ ಮನಸ್ಸನ್ನು ವರ್ಣಿಸುವ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಮಾಡಬೇಕಾದ ಕೆಲಸವನ್ನು ಮಾಡದೆ ಕಾಲ ಕಳೆಯುವವನು ಮೀನಮೇಷ ಎಣಿಸುತ್ತಾನೆ. ಎರಡು ಕಡೆಯ ಲಾಭವನ್ನೂ ಬಿಡಲಾರದವನು ಎರಡು ದೋಣಿಗಳಲ್ಲಿ ಕಾಲಿಡುತ್ತಾನೆ. ಕೇಳಿದ ಪ್ರಶ್ನೆಗೆ ಹೌದೆಂದೂ ಅಲ್ಲವೆಂದೂ ಹೇಳದೆ ಜಾರಿಕೊಳ್ಳುವವನು ಅಡ್ಡಗೋಡೆಯ ಮೇಲೆ ದೀಪವಿಡುತ್ತಾನೆ. ಮೇಲುನೋಟಕ್ಕೆ ಈ ಮೂರೂ ಒಂದೇ ದೋಷದ ಮೂರು ಹೆಸರುಗಳೆಂದು ತೋರಬಹುದು. ಸೂಕ್ಷ್ಮವಾಗಿ ನೋಡಿದರೆ ಹಾಗಲ್ಲ. ಮೊದಲನೆಯವನದು ಆಲಸ್ಯ, ಎರಡನೆಯವನದು ಆಸೆ. ಮೂರನೆಯವನದು ಮಾತ್ರ ಜಾಣತನ. ಅವನಿಗೆ ಉತ್ತರ ತಿಳಿಯದೆಂದಲ್ಲ, ತಿಳಿದಿದ್ದೂ ಆಡಲೊಲ್ಲನು.

ಈ ಮೂರನೆಯ ಬಗೆಯ ಮನುಷ್ಯನಿಗೆ ಚೀನೀಯರು ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ಹೆಸರಿಟ್ಟರು. ಆ ನುಡಿಗಟ್ಟು ನಾಲ್ಕೇ ಅಕ್ಷರಗಳದು: ಷೌ, ಷು, ಲ್ಯಾಂಗ್, ದ್ವಾನ್. ಷೌ ಎಂದರೆ ತಲೆ, ಷು ಎಂದರೆ ಇಲಿ, ಲ್ಯಾಂಗ್ ಎಂದರೆ ಎರಡು, ದ್ವಾನ್ ಎಂದರೆ ತುದಿ. ಬಿಲದಿಂದ ತಲೆಯನ್ನು ಹೊರಗೆ ಚಾಚಿ, ಅತ್ತಲೊಮ್ಮೆ ಇತ್ತಲೊಮ್ಮೆ ನೋಡುತ್ತ, ಹೊರಗೂ ಬಾರದೆ ಒಳಗೂ ಹೋಗದೆ ನಿಂತಿರುವ ಇಲಿಯ ಚಿತ್ರವನ್ನು ಈ ಪದಗಳಲ್ಲಿ ಜನರು ಕಂಡಿದ್ದಾರೆ. ಇಂದಿಗೂ ಚೀನೀ ಭಾಷೆಯಲ್ಲಿ ಎರಡು ಪಕ್ಷಗಳ ನಡುವೆ ತೂಗಾಡುವವನನ್ನು ಕುರಿತು ಈ ಮಾತು ಬಳಕೆಯಲ್ಲಿದೆ. ಆದರೆ ಈ ಮಾತು ಹುಟ್ಟಿದ್ದು ಇಲಿಯ ಬಿಲದ ಬಳಿಯಲ್ಲಲ್ಲ. ಅರಮನೆಯ ಬಾಗಿಲಿನಲ್ಲಿ, ಒಬ್ಬ ಮಹಾಮಂತ್ರಿಯ ರಥದೊಳಗೆ.

ಈ ವೃತ್ತಾಂತವನ್ನು ಬರೆದಿಟ್ಟವನು ಸಿಮಾ ಚಿಯೆನ್. ಚೀನೀ ಇತಿಹಾಸಲೇಖನಕ್ಕೆ ಪಿತಾಮಹನೆನಿಸಿದ ಈ ಪಂಡಿತನ 'ಶಿಜಿ' ಎಂಬ ಮಹಾಗ್ರಂಥದಲ್ಲಿ 130 ಅಧ್ಯಾಯಗಳಿವೆ. ಅದರ 107ನೆಯ ಅಧ್ಯಾಯದಲ್ಲಿ ಹಾನ್ ವಂಶದ ಸಾಮ್ರಾಟ ವುವಿನ ಕಾಲದ ಈ ಪ್ರಸಂಗ ಬರುತ್ತದೆ. ರಾಜಧಾನಿ ಚಾಂಗ್‌ಆನ್, ಈಗಿನ ಶಿಆನ್ ನಗರದ ಪ್ರದೇಶ. ಕಾಲ ಕ್ರಿ.ಪೂ. 131ರ ಸುಮಾರು.

ಕಥೆಯಲ್ಲಿ ಇಬ್ಬರು ಪ್ರಮುಖರು, ಇಬ್ಬರೂ ರಾಜಮನೆತನದ ಹೆಣ್ಣುಮಕ್ಕಳ ಕಡೆಯ ಬಂಧುಗಳು. ಒಬ್ಬನು ದೌ ಯಿಂಗ್, ಹಿಂದಿನ ತಲೆಮಾರಿನ ರಾಜಮಾತೆಯ ಸಂಬಂಧಿ. ಕ್ರಿ.ಪೂ. 154ರಲ್ಲಿ ಏಳು ಸಾಮಂತ ರಾಜ್ಯಗಳು ದಂಗೆಯೆದ್ದಾಗ ಸೇನಾಪತಿಯಾಗಿ ನಿಂತು ಕೀರ್ತಿ ಪಡೆದವನು. ಇನ್ನೊಬ್ಬನು ತಿಯೆನ್ ಫೆನ್, ಸಾಮ್ರಾಟ ವುವಿನ ಸೋದರಮಾವ. ದೌ ಯಿಂಗನ ಏಳಿಗೆಯ ದಿನಗಳಲ್ಲಿ ತಿಯೆನ್ ಫೆನ್ ಸಣ್ಣ ಅಧಿಕಾರಿ; ಆತನ ಮನೆಗೆ ಹೋಗಿ, ಮಗನು ತಂದೆಯ ಮುಂದೆ ನಡೆದುಕೊಳ್ಳುವಂತೆ ಮಂಡಿಯೂರಿ ಎದ್ದು ಸೇವೆ ಮಾಡುತ್ತಿದ್ದನು. ಕಾಲಚಕ್ರ ಉರುಳಿತು. ಕ್ರಿ.ಪೂ. 135ರಲ್ಲಿ ವೃದ್ಧ ರಾಜಮಾತೆ ತೀರಿಕೊಂಡಳು, ತಿಯೆನ್ ಫೆನ್ ಮಹಾಮಂತ್ರಿಯಾದನು. ದೌ ಯಿಂಗನ ಅಂಗಳದಲ್ಲಿ ನೆರೆಯುತ್ತಿದ್ದ ಅತಿಥಿಗಳು ಒಬ್ಬೊಬ್ಬರಾಗಿ ಹೊಸ ಅಂಗಳಕ್ಕೆ ನಡೆದರು. ಹಳೆಯ ಮನೆಯನ್ನು ಬಿಡದೆ ಉಳಿದವನು ಗ್ವಾನ್ ಫು ಎಂಬ ಯೋಧ.

ಗ್ವಾನ್ ಫು ಸುಲಭದ ಮನುಷ್ಯನಲ್ಲ. 154ರ ದಂಗೆಯಲ್ಲಿ ಅವನ ತಂದೆ ಯುದ್ಧಭೂಮಿಯಲ್ಲಿ ಮಡಿದಾಗ, ಕೆಲವೇ ಜನರೊಡನೆ ಶತ್ರುವಿನ ಪಾಳೆಯಕ್ಕೆ ನುಗ್ಗಿ, ಹತ್ತಕ್ಕೂ ಹೆಚ್ಚು ದೊಡ್ಡ ಗಾಯಗಳನ್ನು ಹೊತ್ತು ಮರಳಿದ ಧೀರನು. ತನಗಿಂತ ಮೇಲಿನವರಿಗೆ ತಲೆಬಾಗದವನು, ಬಡವರಾದ ಸಜ್ಜನರನ್ನು ಗೌರವಿಸುವವನು. ಆದರೆ ಕುಡಿದರೆ ನಾಲಗೆಗೆ ಲಗಾಮಿಲ್ಲ. ಅಲ್ಲದೆ ಅವನ ಮನೆತನದವರೂ ಆಶ್ರಿತರೂ ತಮ್ಮ ಸೀಮೆಯಾದ ಯಿಂಗ್‌ಛ್ವಾನ್‌ನಲ್ಲಿ ಭೂಮಿಯನ್ನು ಕಬಳಿಸಿ ದರ್ಪ ಮೆರೆಯುತ್ತಿದ್ದರು. ಆ ಊರಿನ ಮಕ್ಕಳು ಅವರ ನಾಶವನ್ನು ಸೂಚಿಸುವ ಹಾಡನ್ನೇ ಹಾಡಿಕೊಳ್ಳುತ್ತಿದ್ದರು. ಸಿಮಾ ಚಿಯೆನ್ ಇದನ್ನು ಮುಚ್ಚಿಡುವುದಿಲ್ಲ.

ತಿಯೆನ್ ಫೆನ್ ಒಬ್ಬ ರಾಜಪುತ್ರಿಯನ್ನು ವಿವಾಹವಾದ ಸಂದರ್ಭ. ರಾಜಮಾತೆಯ ಅಪ್ಪಣೆಯ ಮೇರೆಗೆ ಗಣ್ಯರೆಲ್ಲರೂ ಔತಣಕ್ಕೆ ಬಂದರು. ಮಹಾಮಂತ್ರಿ ಪಾನಪಾತ್ರೆಯನ್ನೆತ್ತಿದಾಗ ಎಲ್ಲರೂ ಚಾಪೆಯಿಂದ ಕೆಳಗಿಳಿದು ನಮಿಸಿದರು. ದೌ ಯಿಂಗ್ ಪಾತ್ರೆಯನ್ನೆತ್ತಿದಾಗ ಹಳೆಯ ಕೆಲವು ಸ್ನೇಹಿತರು ಮಾತ್ರ ಇಳಿದರು; ಉಳಿದವರು ಕುಳಿತಲ್ಲಿಯೇ ಅರ್ಧ ಮಂಡಿಯೆತ್ತಿ ಮರ್ಯಾದೆಯ ಶಾಸ್ತ್ರ ಮುಗಿಸಿದರು. ಗ್ವಾನ್ ಫುವಿನ ಕಣ್ಣಿಗೆ ಇದು ಬಿತ್ತು. ಮದ್ಯವೂ ನೋವೂ ಕೂಡಿದವು. ಅವನು ಸಭೆಯಲ್ಲಿಯೇ ಬಾಯಿಗೆ ಬಂದಂತೆ ಬೈದನು. ರಾಜಮಾತೆಯ ಅಪ್ಪಣೆಯಿಂದ ನಡೆದ ಔತಣವನ್ನು ಕೆಡಿಸಿದ್ದು ರಾಜದ್ರೋಹಕ್ಕೆ ಸಮವೆಂದು ಮಹಾಮಂತ್ರಿ ಅವನನ್ನು ಸೆರೆಗೆ ತಳ್ಳಿಸಿದನು. ಹಳೆಯ ಅಪರಾಧಗಳನ್ನೆಲ್ಲ ಕೆದಕಿ ತೆಗೆದು, ಅವನ ಕುಲವನ್ನೇ ವಧಿಸುವ ಯೋಚನೆ ನಡೆಯಿತು. ಕುಡಿತದ ಮಾತಿಗೆ ಮರಣ. ದೌ ಯಿಂಗ್ ಸುಮ್ಮನಿರಲಾರದೆ, ಹೆಂಡತಿ ಬೇಡವೆಂದರೂ ಕೇಳದೆ, ಸಾಮ್ರಾಟನಲ್ಲಿಗೆ ಹೋಗಿ ಮೊರೆಯಿಟ್ಟನು. ಸಾಮ್ರಾಟನು ರಾಜಮಾತೆಯ ಅರಮನೆಯಲ್ಲಿ ಇಬ್ಬರೂ ವಾದಿಸಲೆಂದು ಅಪ್ಪಣೆ ಮಾಡಿದನು.

ವಾದ ನಡೆಯಿತು. ಒಬ್ಬನು ಗ್ವಾನ್ ಫುವಿನ ಗುಣಗಳನ್ನು ಹೊಗಳಿದನು, ಇನ್ನೊಬ್ಬನು ದೋಷಗಳನ್ನು ಎಣಿಸಿದನು. ಮಾತು ಬೆಳೆದು ಪರಸ್ಪರ ದೂಷಣೆಗೆ ತಿರುಗಿತು. ಆಗ ಸಾಮ್ರಾಟನು ನೆರೆದ ಅಧಿಕಾರಿಗಳನ್ನು ನೋಡಿ, ಇವರಿಬ್ಬರಲ್ಲಿ ಯಾರದು ಸರಿ ಎಂದು ಕೇಳಿದನು.

ಮೊದಲು ಉತ್ತರ ಕೊಟ್ಟವನು ಹಾನ್ ಆನ್‌ಗ್ವೊ. ಪದವಿಯಲ್ಲಿ ಮಹಾಮಂತ್ರಿಯ ನಂತರದವನು. ಅಧಿಕಾರಿಗಳ ನಡತೆಯನ್ನು ಪರೀಕ್ಷಿಸುವ ಹೊಣೆ ಹೊತ್ತವನು. ಆತನ ಉತ್ತರದ ಸಾರಾಂಶವಿದು: ಗ್ವಾನ್ ಫು ಮಹಾವೀರ, ದೊಡ್ಡ ಪಾಪವೇನೂ ಮಾಡಿಲ್ಲ, ಪಾನದ ಜಗಳಕ್ಕಾಗಿ ಬೇರೆ ತಪ್ಪುಗಳನ್ನು ಎಳೆದು ತಂದು ಕೊಲ್ಲಲಾಗದು, ಆದುದರಿಂದ ದೌ ಯಿಂಗನ ಮಾತು ಸರಿ. ಹಾಗೆಯೇ ಗ್ವಾನ್ ಫು ದುಷ್ಟರ ಸಹವಾಸದಲ್ಲಿದ್ದಾನೆ, ಬಡ ಜನರನ್ನು ಪೀಡಿಸಿದ್ದಾನೆ, ಕೊಂಬೆ ಕಾಂಡಕ್ಕಿಂತ ದಪ್ಪವಾಗಬಾರದು. ಆದುದರಿಂದ ಮಹಾಮಂತ್ರಿಯ ಮಾತೂ ಸರಿ. ತೀರ್ಮಾನವು ಪ್ರಾಜ್ಞನಾದ ಪ್ರಭುವಿಗೇ ಬಿಟ್ಟದ್ದು. ಅಡ್ಡಗೋಡೆಯ ಮೇಲೆ ದೀಪವಿಡುವ ಕಲೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ದೊರೆಯುವುದು ಕಷ್ಟ. ಬೆಳಕು ಎರಡು ಕಡೆಗೂ ಬಿತ್ತು. ಯಾವ ಕಡೆಯವನಿಗೂ ದಾರಿ ಕಾಣಲಿಲ್ಲ.

ಜಿ ಆನ್ ಎಂಬೊಬ್ಬ ಅಧಿಕಾರಿ ಮಾತ್ರ ದೌ ಯಿಂಗನದೇ ಸರಿ ಎಂದು ನೇರವಾಗಿ ನುಡಿದನು. ಝೆಂಗ್ ದಾಂಗ್‌ಶಿ ಎಂಬವನು ಮೊದಲು ಹಾಗೆಯೇ ಹೇಳಿ, ಆಮೇಲೆ ಅಂಜಿ ತನ್ನ ಮಾತಿನಲ್ಲಿ ನಿಲ್ಲಲಾರದೆ ಹೋದನು. ಮಿಕ್ಕವರ ಬಾಯಿ ತೆರೆಯಲಿಲ್ಲ. ಸಾಮ್ರಾಟನಿಗೆ ಸಿಟ್ಟು ಬಂದಿತು. ದಿನವೂ ಆ ಇಬ್ಬರ ಗುಣದೋಷಗಳನ್ನು ಹರಟುತ್ತಿದ್ದವನು ಇಂದು ಗಾಡಿಯ ಮೂಕಿಗೆ ಕಟ್ಟಿದ ಮರಿಗುದುರೆಯಂತೆ ಮುದುರಿಕೊಂಡನೆಂದು ಝೆಂಗನನ್ನು ಗದರಿಸಿ ಒಳಗೆ ಎದ್ದುಹೋದನು. ಈ ಮರಿಗುದುರೆಯ ಹೋಲಿಕೆಯೂ ಚೀನೀ ಭಾಷೆಯಲ್ಲಿ ನುಡಿಗಟ್ಟಾಗಿ ಉಳಿಯಿತು. ಒಂದೇ ದಿನದ ಸಭೆ ಭಾಷೆಗೆ ಅಂಜುಬುರುಕರ ಎರಡು ಚಿತ್ರಗಳನ್ನು ಕೊಟ್ಟಿತು.

ಇಲಿ ಬರುವುದು ಇದರ ಅನಂತರ. ಸಭೆ ಮುಗಿದು ಹೊರಬಂದ ತಿಯೆನ್ ಫೆನ್, ಹಾನ್ ಆನ್‌ಗ್ವೊನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು ಕೋಪದಿಂದ ಕೇಳಿದನು: ಎದುರಿಗಿದ್ದವನು ಒಬ್ಬ ಬೋಳುತಲೆಯ ಮುದುಕ, ನಾವಿಬ್ಬರು ಒಂದಾಗಿ ಅವನನ್ನು ಎದುರಿಸಬೇಕಾದಲ್ಲಿ ನೀನೇಕೆ 'ಷೌ-ಷು' ಆಗಿ ಎರಡು ತುದಿಗಳಲ್ಲಿ ನಿಂತೆ? ಆ ಬೈಗುಳವೇ ಇಂದಿನ ನುಡಿಗಟ್ಟು.

ಇಲ್ಲಿ ಪದದ ಅರ್ಥವನ್ನು ಸ್ವಲ್ಪ ಶೋಧಿಸಬೇಕಾಗುತ್ತದೆ. ತಿಯೆನ್ ಫೆನ್ ನಿಜವಾಗಿಯೂ ಇಲಿಯನ್ನು ನೆನೆದನೆ? ಹಳೆಯ ಟೀಕೆಯೊಂದು ಈ ಪದಕ್ಕೆ ಹೆಜ್ಜೆ ಮುಂದೊಮ್ಮೆ, ಹಿಂದೊಮ್ಮೆ ಎಂಬ ಅರ್ಥವನ್ನಷ್ಟೇ ಹೇಳುತ್ತದೆ, ಇಲಿಯ ಸುಳಿವಿಲ್ಲ. ಕನ್ನಡದ 'ಹಿಂದುಮುಂದು ನೋಡು' ಎಂಬ ಮಾತಿಗೆ ಇದು ಎಷ್ಟು ಹತ್ತಿರವೆಂಬುದನ್ನು ವಾಚಕರು ಗಮನಿಸಬಹುದು. ಕ್ರಿ.ಶ. ಐದನೆಯ ಶತಮಾನದಲ್ಲಿ ಫಾನ್ ಯೆ ಬರೆದ ಉತ್ತರ ಹಾನ್ ವಂಶದ ಚರಿತ್ರೆಯಲ್ಲಿ ಇದೇ ನುಡಿಗಟ್ಟು ಬರುತ್ತದೆ. ಆದರೆ ಅಲ್ಲಿ ಎರಡನೆಯ ಅಕ್ಷರ ಇಲಿಯ ಅಕ್ಷರವಲ್ಲ, ಹತ್ತಿರದ ಧ್ವನಿಯ ಬೇರೊಂದು ಅಕ್ಷರ. ಇಲಿಯ ಸ್ವಭಾವವೇ ಸಂಶಯ, ಬಿಲದಿಂದ ಹೊರಡುವಾಗ ಅದು ನಿಶ್ಚಯಕ್ಕೆ ಬಾರದು, ಆದುದರಿಂದ ಈ ಹೆಸರು ಎಂಬ ವಿವರಣೆಯನ್ನು ಕೊಟ್ಟವನು ಹನ್ನೊಂದನೆಯ ಶತಮಾನದಲ್ಲಿ ಹುಟ್ಟಿದ ಲು ದಿಯೆನ್ ಎಂಬ ಪಂಡಿತ. ಅಂದರೆ ಮಾತು ಹುಟ್ಟಿ ಸಾವಿರಕ್ಕೂ ಮಿಕ್ಕಿ ವರ್ಷಗಳಾದ ಮೇಲೆ. ಈಚಿನ ಅನೇಕ ವಿದ್ವಾಂಸರ ಅಭಿಪ್ರಾಯದಲ್ಲಿ ಷೌ-ಷು ಎಂಬುದು ಬಿಡಿಸಬಾರದ ಜೋಡಿಪದ. ತಡವರಿಸುವುದು ಎಂಬ ಅರ್ಥದ ಬೇರೊಂದು ಜೋಡಿಪದದ ಧ್ವನಿಬಂಧು. ಧ್ವನಿಯನ್ನು ಬರೆಯಲು ಕೈಗೆ ಸಿಕ್ಕ ಅಕ್ಷರ ಇಲಿಯದಾಗಿತ್ತು, ಅಷ್ಟೆ.

ಇಂಥ ಪದಗಳು ಚೀನೀ ಭಾಷೆಯಲ್ಲಿ ಹೇರಳ. ಹಿಂಜರಿಕೆಗೆ ಅಲ್ಲಿಯ ಸಾಮಾನ್ಯ ಪದ 'ಯೌಯು'. ಆರನೆಯ ಶತಮಾನದ ಯಾನ್ ಝೀತ್ವೀ ಎಂಬ ಗೃಹಸ್ಥ ಪಂಡಿತನು ಇದಕ್ಕೊಂದು ಸೊಗಸಾದ ವಿವರಣೆ ಕೊಟ್ಟನು: ಯಜಮಾನನೊಡನೆ ಹೊರಟ ನಾಯಿ ಮುಂದೆ ಓಡುತ್ತದೆ, ಅವನು ಬಾರದುದನ್ನು ಕಂಡು ಮರಳಿ ಬರುತ್ತದೆ, ಮತ್ತೆ ಓಡುತ್ತದೆ, ದಿನವಿಡೀ ಹೀಗೆಯೇ. ಮರದ ಮೇಲೆ ಹತ್ತಿಳಿಯುವ ಪ್ರಾಣಿಯೊಂದರ ಕಥೆಯೂ ಇದೇ ಪದಕ್ಕೆ ಅಂಟಿಕೊಂಡಿತು. ಭಾಷಾಶಾಸ್ತ್ರದ ಮೇಧಾವಿ ವಾಂಗ್ ನಿಯೆನ್‌ಸುನ್ (1744–1832) ಇವನ್ನೆಲ್ಲ ತಳ್ಳಿಹಾಕಿ, ಇಂಥ ಪದಗಳ ಅರ್ಥ ಧ್ವನಿಯಲ್ಲಿದೆ, ಅಕ್ಷರಗಳನ್ನು ಬಿಡಿಸಿ ಪ್ರಾಣಿಗಳನ್ನು ಹುಡುಕಬಾರದೆಂದು ಸ್ಪಷ್ಟಪಡಿಸಿದನು. ಕನ್ನಡದ 'ಗಲಿಬಿಲಿ' ಎಂಬಲ್ಲಿ 'ಬಿಲಿ' ಏನೆಂದು ಕೇಳುವ ಬಾಲಕನಿಗೆ ಅಧ್ಯಾಪಕರು ಕೊಡುವ ಉತ್ತರವೂ ಇದೇ ಅಲ್ಲವೆ?

ಆದರೂ ಜನರ ಕಲ್ಪನೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಇಲಿ ಪದದ ಮೂಲದಲ್ಲಿ ಇಲ್ಲದಿರಬಹುದು. ಆದರೆ ಅದು ತಡವಾಗಿ ಬಂದು ಪದದಲ್ಲಿ ನೆಲಸಿತು, ಏಕೆಂದರೆ ಅರ್ಥಕ್ಕೆ ಹೊಂದಿತು. ಬಿಲದ ಬಾಯಲ್ಲಿ ನಿಂತ ಇಲಿಗೆ ತನ್ನ ಇಷ್ಟವೇನೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಕಾಳು ಬೇಕು, ಬೆಕ್ಕು ಬೇಡ. ಅದು ನೋಡುತ್ತಿರುವುದು ಸತ್ಯವೆಲ್ಲಿದೆ ಎಂದಲ್ಲ. ಅಪಾಯ ಯಾವ ಕಡೆಯಿಂದ ಬರುತ್ತದೆ ಎಂದು.

ಹಾನ್ ಆನ್‌ಗ್ವೊನ ಉತ್ತರಕ್ಕೆ ಈ ಬೆಳಕಿನಲ್ಲಿ ಮರಳಿದರೆ, ಅವನ ಪ್ರತಿಯೊಂದು ವಾಕ್ಯವೂ ನಿಜವಾಗಿತ್ತೆಂಬುದು ಕಾಣುತ್ತದೆ. ಗ್ವಾನ್ ಫು ವೀರನೆಂಬುದು ನಿಜ. ಅವನ ಕಡೆಯವರು ಜನಪೀಡಕರೆಂಬುದೂ ನಿಜ. ಆದರೆ ಅಂದಿನ ಪ್ರಶ್ನೆ ಅವನ ಗುಣದೋಷಗಳ ಪಟ್ಟಿಯದಲ್ಲ. ಪಾನಗೋಷ್ಠಿಯ ಬೈಗುಳಕ್ಕೆ ತಲೆದಂಡವೂ ಕುಲನಾಶವೂ ತಕ್ಕ ಶಿಕ್ಷೆಯೇ ಎಂಬುದು ಪ್ರಶ್ನೆ. ಎರಡು ಸತ್ಯಗಳನ್ನು ಎರಡು ತಟ್ಟೆಗಳಲ್ಲಿಟ್ಟು, ತಕ್ಕಡಿಯನ್ನು ಎತ್ತದೆ ಹೊರಟುಹೋಗುವುದು ಸುಳ್ಳಾಡಿದಂತಲ್ಲ. ಆದರೆ ಅದು ಸತ್ಯವನ್ನಾಡಿದಂತೆಯೂ ಅಲ್ಲ.

ರಥದೊಳಗೆ ಅವನು ಕೊಟ್ಟ ಉತ್ತರ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಕೆಲಹೊತ್ತು ಸುಮ್ಮನಿದ್ದು ಅವನು ಮಹಾಮಂತ್ರಿಗೇ ಬುದ್ಧಿವಾದ ಹೇಳಿದನು: ಎದುರಾಳಿ ನಿಂದಿಸಿದಾಗ ನೀನು ಕಿರೀಟವನ್ನೂ ಮುದ್ರೆಯನ್ನೂ ಬಿಚ್ಚಿಟ್ಟು, ಬಂಧುತ್ವದಿಂದ ಈ ಪದವಿ ಸಿಕ್ಕಿತೇ ಹೊರತು ಯೋಗ್ಯತೆಯಿಂದಲ್ಲ, ಆತನ ಮಾತೇ ಸರಿ ಎನ್ನಬೇಕಾಗಿತ್ತು, ಸಾಮ್ರಾಟನು ನಿನ್ನ ವಿನಯಕ್ಕೆ ಮೆಚ್ಚುತ್ತಿದ್ದನು, ದೌ ಯಿಂಗ್ ನಾಚಿಕೆಯಿಂದ ನಾಲಗೆ ಕಚ್ಚಿಕೊಂಡು ತಾನೇ ಸಾಯುತ್ತಿದ್ದನು, ಅದನ್ನು ಬಿಟ್ಟು ಅಂಗಡಿಯ ಹುಡುಗರಂತೆ ಜಗಳಾಡಿದೆಯಲ್ಲ! ತಿಯೆನ್ ಫೆನ್ ತಪ್ಪೊಪ್ಪಿಕೊಂಡನು. ಸಭೆಯಲ್ಲಿ ಯಾರ ಪಕ್ಷವನ್ನೂ ಹಿಡಿಯದವನು ರಥದ ತೆರೆಯ ಮರೆಯಲ್ಲಿ ಗೆಲ್ಲುವ ಪಕ್ಷಕ್ಕೆ ಗೆಲ್ಲುವ ಉಪಾಯವನ್ನು ಕಲಿಸುತ್ತಿದ್ದಾನೆ! ಅವನಿಗೆ ಅನಿಶ್ಚಯವೆಂಬುದೇ ಇರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಸಿಮಾ ಚಿಯೆನ್ ಬೇರೆಯಾಗಿ ಇನ್ನೊಂದು ಸಂಗತಿಯನ್ನು ದಾಖಲಿಸುತ್ತಾನೆ: ಹಿಂದೆ ಪದವಿ ಕಳೆದುಕೊಂಡು ಮನೆಯಲ್ಲಿದ್ದಾಗ ಹಾನ್ ಆನ್‌ಗ್ವೊ ಇದೇ ತಿಯೆನ್ ಫೆನ್‌ನಿಗೆ 500 ಚಿನ್ನದ ಬೆಲೆಯ ಕಾಣಿಕೆಯನ್ನು ಒಪ್ಪಿಸಿ ರಾಜಸೇವೆಗೆ ಮರಳಿದ್ದನು.

ಹಾಗೆಂದು ಅವನನ್ನು ಕೇವಲ ನೀಚನೆಂದು ಬಗೆಯುವುದು ನ್ಯಾಯವಾಗದು. ಅವನು ಸೆರೆಯಲ್ಲಿದ್ದಾಗ ಕಾವಲುಗಾರನೊಬ್ಬನು ಅವಮಾನಿಸಲು, ಸತ್ತ ಬೂದಿಯೂ ಮತ್ತೆ ಹೊತ್ತಿಕೊಳ್ಳದೆ ಎಂದು ಕೇಳಿದನಂತೆ. ಹೊತ್ತಿದರೆ ಮೂತ್ರ ಹೊಯ್ದು ಆರಿಸುವೆನೆಂದು ಆ ಕಾವಲುಗಾರ ನಕ್ಕನು. ಮುಂದೆ ಅಧಿಕಾರ ಮರಳಿದಾಗ ಅದೇ ಮನುಷ್ಯನನ್ನು ಹಾನ್ ಆನ್‌ಗ್ವೊ ದಂಡಿಸದೆ ಒಳ್ಳೆಯದಾಗಿಯೇ ನಡೆಸಿಕೊಂಡನು. ಬೂದಿ ಮತ್ತೆ ಹೊತ್ತಿಕೊಳ್ಳುವ ಮಾತೂ ಚೀನೀ ನುಡಿಗಟ್ಟಾಗಿದೆ. ಧನದಾಸೆ ಇದ್ದರೂ ಅವನು ತನಗಿಂತ ಯೋಗ್ಯರಾದ ಶುದ್ಧಹಸ್ತರನ್ನೇ ಪದವಿಗಳಿಗೆ ಶಿಫಾರಸು ಮಾಡುತ್ತಿದ್ದನೆಂದು ಇತಿಹಾಸಕಾರ ಒಪ್ಪುತ್ತಾನೆ. ಕೆಟ್ಟವನು ಮೌನವಾಗಿದ್ದರೆ ಜಗತ್ತಿಗೆ ನಷ್ಟವಿಲ್ಲ. ತಿಳಿದವನು, ಕ್ಷಮಾಶೀಲನು, ಸಭೆ ಯಾರ ಮಾತಿಗೆ ಕಿವಿಗೊಡುತ್ತಿತ್ತೋ ಅಂಥವನು ಆ ಒಂದು ಗಳಿಗೆಯಲ್ಲಿ ಇಲಿಯಾದನೆಂಬುದೇ ಈ ಕಥೆಯ ನೋವು.

ಭಾರತದ ವಾಚಕನಿಗೆ ಇಲ್ಲಿ ಹಸ್ತಿನಾವತಿಯ ಸಭೆ ನೆನಪಿಗೆ ಬಾರದಿರದು. ತನ್ನನ್ನು ತಾನೇ ಸೋತವನಿಗೆ ತನ್ನನ್ನು ಪಣವಿಡುವ ಹಕ್ಕುಂಟೆ ಎಂದು ದ್ರೌಪದಿ ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮನು ಉತ್ತರವನ್ನು ತಪ್ಪಿಸಿಕೊಂಡನು. ಎದ್ದು ನಿಂತು ನ್ಯಾಯವನ್ನಾಡಿದವನು ಕೌರವರಲ್ಲೊಬ್ಬನಾದ ವಿಕರ್ಣ. ಭೀಷ್ಮನ ಸಂಕಟವನ್ನು ಹಾನ್ ಆನ್‌ಗ್ವೊನ ಲೆಕ್ಕಾಚಾರದೊಡನೆ ಸಮವಾಗಿ ತೂಗಲಾಗದು. ಆದರೆ ಪ್ರಶ್ನೆ ಕೇಳಿದವಳ ಪಾಲಿಗೆ ಎರಡರ ಫಲವೂ ಒಂದೇ.

ಚಾಂಗ್‌ಆನ್‌ನ ಸಭೆಯ ಫಲವೂ ಕ್ರೂರವಾಗಿತ್ತು. ಗ್ವಾನ್ ಫುವೂ ಅವನ ಕುಲದವರೂ ವಧೆಯಾದರು. ದೌ ಯಿಂಗ್, ತನಗೆ ಹಿಂದಿನ ಸಾಮ್ರಾಟನು ನೇರವಾಗಿ ಅರಿಕೆ ಮಾಡಿಕೊಳ್ಳುವ ಹಕ್ಕುಪತ್ರ ಕೊಟ್ಟಿದ್ದನೆಂದು ಅದನ್ನು ಮುಂದಿಟ್ಟನು. ಅರಮನೆಯ ದಫ್ತರದಲ್ಲಿ ಅದರ ಪ್ರತಿ ದೊರೆಯಲಿಲ್ಲ. ರಾಜಾಜ್ಞೆಯನ್ನು ಕೃತಕವಾಗಿ ಸೃಷ್ಟಿಸಿದನೆಂಬ ಅಪರಾಧವೂ ಸೇರಿ ಆ ಮುದುಕನನ್ನು ಸಂತೆಬೀದಿಯಲ್ಲಿ ಕೊಂದರು. ತಿಯೆನ್ ಫೆನ್ ಸ್ವಲ್ಪ ಕಾಲದಲ್ಲಿಯೇ, ತಪ್ಪಾಯಿತು ತಪ್ಪಾಯಿತು ಎಂದು ಕೂಗುತ್ತ ಕಾಯಿಲೆಯಲ್ಲಿ ಸತ್ತನು. ಹಾನ್ ಆನ್‌ಗ್ವೊ ಮಹಾಮಂತ್ರಿಯ ಕೆಲಸವನ್ನು ತಾತ್ಕಾಲಿಕವಾಗಿ ನೋಡಿಕೊಂಡನು. ಆದರೆ ರಥದಿಂದ ಬಿದ್ದು ಕಾಲು ಕುಂಟಾದುದರಿಂದ ಆ ಪದವಿ ಕೈತಪ್ಪಿತು. ಗಡಿನಾಡಿನಲ್ಲಿ ಸೋಲು, ನಾಚಿಕೆಗಳನ್ನು ಉಂಡು, ಕ್ರಿ.ಪೂ. 127ರಲ್ಲಿ ರಕ್ತ ಕಾರಿ ತೀರಿಕೊಂಡನು. ಎರಡು ತುದಿಗಳನ್ನೂ ಕಾಯ್ದವನಿಗೆ ಕೊನೆಗೆ ಯಾವ ತುದಿಯೂ ಉಳಿಯಲಿಲ್ಲ.

ಈ ವೃತ್ತಾಂತವನ್ನು ಬರೆದವನ ಬಾಳನ್ನು ತಿಳಿದರೆ ಇದರ ತೂಕ ಇಮ್ಮಡಿಯಾಗುತ್ತದೆ. ಕ್ರಿ.ಪೂ. 99ರಲ್ಲಿ ಲಿ ಲಿಂಗ್ ಎಂಬ ಸೇನಾನಿ ಐದು ಸಾವಿರ ಕಾಲಾಳುಗಳೊಡನೆ ಉತ್ತರದ ಶ್ಯೊಂಗ್‌ನು ಜನರ ಮೇಲೆ ಹೋರಾಡಿ, ಬೇರೆ ದಾರಿಯಿಲ್ಲದೆ ಶರಣಾದನು. ನಿನ್ನೆಯವರೆಗೆ ಅವನನ್ನು ಕೊಂಡಾಡುತ್ತಿದ್ದ ಆಸ್ಥಾನಿಕರು ಇಂದು ಅವನ ತಪ್ಪುಗಳನ್ನು ಎಣಿಸತೊಡಗಿದರು. ಅದೇ ಸಾಮ್ರಾಟ ವು, ಸಿಮಾ ಚಿಯೆನ್‌ನ ಅಭಿಪ್ರಾಯ ಕೇಳಿದನು. ಲಿ ಲಿಂಗನೊಡನೆ ಅವನಿಗೆ ಆಪ್ತಸ್ನೇಹವಿರಲಿಲ್ಲ. ಆದರೂ ಆ ಸೇನಾನಿ ಶಕ್ತಿಮೀರಿ ಹೋರಾಡಿದನೆಂದು ತನಗೆ ಕಂಡುದನ್ನು ಹೇಳಿದನು. ಅದು ಸಾಮ್ರಾಟನ ನಿಂದೆ ಎನಿಸಿ ಶಿಕ್ಷೆ ಬಂದಿತು. ಹಣ ಕೊಟ್ಟು ಬಿಡಿಸಿಕೊಳ್ಳುವಷ್ಟು ಸಿರಿ ಅವನಿಗಿರಲಿಲ್ಲ. ಗೆಳೆಯರಲ್ಲಿ ಒಬ್ಬರೂ ಅವನ ಪರವಾಗಿ ಮಾತೆತ್ತಲಿಲ್ಲ. ಸಾವಿನ ಬದಲಿಗೆ ಪುರುಷತ್ವವನ್ನು ಕಳೆದುಕೊಳ್ಳುವ ಹೀನ ಶಿಕ್ಷೆಯನ್ನು ಒಪ್ಪಿ, ಆ ಅವಮಾನವನ್ನು ಹೊತ್ತು ಬದುಕಿ, ಗ್ರಂಥವನ್ನು ಮುಗಿಸಿದನು.

ಆ ಕೈಯಿಂದ ಬಂದದ್ದು ಹಾನ್ ಆನ್‌ಗ್ವೊನ ಕಥೆ. ತನಗೆ ಪ್ರಶ್ನೆ ಬಂದ ದಿನ ಉತ್ತರ ಕೊಟ್ಟು ತೆರಬೇಕಾದುದನ್ನೆಲ್ಲ ತೆತ್ತವನು, ಉತ್ತರ ಕೊಡದೆ ಉಳಿದುಕೊಂಡವನನ್ನು ಕುರಿತು ಬರೆಯುತ್ತಿದ್ದಾನೆ. ಸೇಡಿನ ಮಾತಿಗೆ ಅವಕಾಶವಿತ್ತು. ಅವನು ಒಂದು ಕಟುವಿಶೇಷಣವನ್ನೂ ಬಳಸಲಿಲ್ಲ. ಸಭೆಯ ಮಾತನ್ನೂ ರಥದ ಮಾತನ್ನೂ ಅಕ್ಕಪಕ್ಕದಲ್ಲಿರಿಸಿ ಸುಮ್ಮನಾದನು. ಹಾನ್ ಆನ್‌ಗ್ವೊನ ಸದ್ಗುಣಗಳಿಗೂ ಸಲ್ಲಬೇಕಾದುದನ್ನು ಸಲ್ಲಿಸಿದನು. ಪಕ್ಷ ಹಿಡಿಯುವುದೆಂದರೆ ಎದುರಿನವನ ಗುಣವನ್ನು ಮರೆಯುವುದಲ್ಲ ಎಂಬುದನ್ನು ಅವನ ಬರವಣಿಗೆಯೇ ತೋರಿಸಿಕೊಟ್ಟಿತು.

ಆಲೋಚನೆಗಾಗಿ ತಡೆಯುವುದು ದೋಷವಲ್ಲ. ಎರಡು ಕಡೆಯ ಮಾತನ್ನೂ ಕೇಳದೆ ತೀರ್ಪು ಕೊಡುವವನು ಇಲಿಗಿಂತ ಅಪಾಯಕಾರಿ. ತಡೆಯುವವನ ಕಣ್ಣು ಯಾವುದರ ಮೇಲಿದೆ ಎಂಬುದನ್ನು ಮಾತ್ರ ನೋಡಬೇಕು. ವಿಷಯದ ಮೇಲಿದ್ದರೆ ಅದು ವಿವೇಕ, ತನ್ನ ಆಸನದ ಮೇಲಿದ್ದರೆ ಅದು ಬಿಲ. ಇದಕ್ಕೆ ಸಾಮ್ರಾಟರ ಸಭೆಯೇ ಬೇಕೆಂದಿಲ್ಲ. ಶಾಲೆಯ ಅಂಗಳದಲ್ಲಿ ಇಬ್ಬರು ಬಾಲಕರು ಜಗಳವಾಡಿ ಅಧ್ಯಾಪಕರ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬನು ಊರಿನ ದೊಡ್ಡವರ ಮನೆಯವನು, ಇನ್ನೊಬ್ಬನ ಹಿಂದೆ ಯಾರೂ ಇಲ್ಲ. ನಿಮ್ಮಿಬ್ಬರದೂ ತಪ್ಪು, ಹೋಗಿ ಆಡಿಕೊಳ್ಳಿರಿ ಎಂಬ ಉತ್ತರ ನಾಲಗೆಯ ತುದಿಯಲ್ಲಿಯೇ ಸಿದ್ಧವಾಗಿರುತ್ತದೆ. ಅದು ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಅಲ್ಲಿ ನಿಂತ ಎರಡನೆಯ ಬಾಲಕನು ಅಧ್ಯಾಪಕರ ಮುಖವನ್ನೇ ನೋಡುತ್ತಿರುತ್ತಾನೆ. ಅವರು ಅಡ್ಡಗೋಡೆಯ ಮೇಲಿಟ್ಟ ದೀಪ ಯಾರ ಭಯದಿಂದ ಅಲ್ಲಿ ಬಂದಿತೆಂಬುದು ಅವನಿಗೆ ತಿಳಿಯದೆ ಹೋಗುವುದಿಲ್ಲ. ಆ ವರ್ಷ ಕಲಿತ ಪಾಠಗಳಲ್ಲಿ ಅವನು ಬಹುಕಾಲ ಮರೆಯದ ಪಾಠವೂ ಅದೇ ಆಗಿರಬಹುದು.